ಅಟ್ಟಣೆ ಶಾಲೆ

ಚಿಕ್ಕಬಸಪ್ಪ ಮೇಷ್ಟ್ರ ಬಲಗೈ ಮುರಿದವನು ನಾನೇ. ಹಾಡಹಗಲು, ನಲವತ್ತು ಮಕ್ಕಳ ಎದುರಿಗೆ, ಅವರ ತರಗತಿಯೊಳಗೇ ನುಗ್ಗಿ ಮುರಿದೆ. ಕಾರಣ ಇತ್ತು.

ನನ್ನ ಮಗಳು ಮೇಘ ಆಗ ಐದನೇ ತರಗತಿಯಲ್ಲಿದ್ದಳು. ಅವತ್ತು ನಾನು ಅರಿಶಿನದ ಹೊಲ ಉತ್ತು ಎತ್ತು ಬಿಚ್ಚುತ್ತಿದ್ದೆ. ಮಧ್ಯಾಹ್ನ ಊಟದ ಬಿಡುವಿನ ಹೊತ್ತು. ಅವಳು ಒಬ್ಬಳೇ ಬದುವಿನ ಮೇಲೆ ನಡೆದುಕೊಂಡು ಬಂದಳು. ಅಳುತ್ತಿರಲಿಲ್ಲ. ಬಲಗೈಯನ್ನು ಎಡಗೈ ಮೇಲೆ ಇಟ್ಟುಕೊಂಡು, ಅದು ಬೇರೆ ಯಾರದೋ ಕೈ ಎಂಬಂತೆ ತಂದು ನನ್ನ ಮುಂದೆ ಚಾಚಿದಳು. ಕಿರುಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿ ಹೆಬ್ಬೆರಳಷ್ಟು ದಪ್ಪವಾಗಿತ್ತು. ಉಗುರು ಅರ್ಧ ಎದ್ದು ನಿಂತಿತ್ತು.

"ಯಾರಮ್ಮಿ?" ಎಂದೆ.

"ಮೇಷ್ಟ್ರು. ಸ್ಕೇಲ ನಿಲ್ಸಿ ಒಡುದ್ರು."

"ಯಾಕ?"

"ನಾ ಏಳೆಂಟ್ಲ ಐವತ್ನಾಕು ಅಂದ್ಬುಟ್ಟಿ."

ಅಷ್ಟೇ. ನೊಗದ ಗೂಟ ಕಿತ್ತುಕೊಂಡು ನಡೆದೆ. ಎತ್ತುಗಳು ನೊಗ ಎಳೆದುಕೊಂಡೇ ಬದು ಹತ್ತಿದ್ದು ಆಮೇಲೆ ಗೊತ್ತಾಯಿತು.

ಬಿಡುವು ಮುಗಿದು ಮೇಷ್ಟ್ರು ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದರು. ನನ್ನನ್ನು ನೋಡಿ, "ಬನ್ನಿ ರಂಗಸ್ವಾಮಿ" ಎಂದರು.

"ಯಾವ ಕೈಲಿ ಒಡ್ದೆ?"

"ಏನಂದ್ರಿ?"

"ನನ್ನ ಕೂಸ ಯಾವ ಕೈಲಿ ಒಡ್ದೆ ಅಂದಿ."

ಅವರು ಚಾಕ್‌ಪೀಸ್ ಹಿಡಿದಿದ್ದ ಕೈಯನ್ನು ಎದೆಗೆ ಅವುಚಿಕೊಂಡರು. ನನಗೆ ಅದೇ ಉತ್ತರವಾಯಿತು. ಮೊದಲ ಏಟಿಗೆ ಮೇಜಿನ ಹಲಗೆ ಸೀಳಿತು. ಎರಡನೆಯದು ಮಣಿಕಟ್ಟಿಗೆ ಸರಿಯಾಗಿ ಬಿತ್ತು. ಹಸಿ ಕಬ್ಬು ಮುರಿದ ಸದ್ದು ಬಂತು. ಅವರು ಗೋಡೆಗೆ ಒರಗಿ ಹಾಗೇ ಕೆಳಕ್ಕೆ ಜಾರಿದರು. ಬೋರ್ಡು ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು, ಮಕ್ಕಳ ಮುಂದೆ ಕೂಗಬಾರದೆಂದು ಹಲ್ಲು ಕಚ್ಚಿದರು. ಕೂಗಿದ್ದು ಮಕ್ಕಳು. ಮುಂದಿನ ಸಾಲಿನಲ್ಲಿದ್ದ ಕವಿತ ಮಾತ್ರ ಕೂಗಲಿಲ್ಲ. ಅವಳು ನಮ್ಮ ಹೊಲಕ್ಕೆ ಕೂಲಿಗೆ ಬರುವ ಕರಿಯಮ್ಮನ ಮಗಳು, ಮೇಘಳ ಜೊತೆಯವಳು. ನನ್ನನ್ನೇ ನೋಡುತ್ತಾ, ಮೇಘ ಬಿಟ್ಟು ಬಂದಿದ್ದ ಸ್ಲೇಟು ಚೀಲ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

ಸ್ಟೇಷನ್ ಮೆಟ್ಟಿಲು ಹತ್ತಿ ಇಳಿದದ್ದಾಯಿತು. ಊರಿನ ಹಿರಿಯರು ಕೂತು ರಾಜಿ ಮಾಡಿದರು. ಮೇಷ್ಟ್ರು ಕೈಗೆ ಪ್ಲಾಸ್ಟರ್ ಹಿಟ್ಟಿನ ಕಟ್ಟು ಹಾಕಿಸಿಕೊಂಡು ಬಂದು ಮೂಲೆಯಲ್ಲಿ ಕೂತಿದ್ದರು. ಶಾಲೆಯ ಹೆಡ್‌ಮಿಸ್ ಲೋಕೇಶ್ವರಿ ಟೀಚರು ನನ್ನ ಕಡೆ ತಿರುಗಿ, "ಆದದ್ದು ಆಯ್ತು. ನಾಳೆಯಿಂದ ಮಗಳನ್ನ ಕಳಿಸಿ, ನಾನು ನೋಡ್ಕೋತೀನಿ" ಎಂದರು.

"ಆ ಶಾಲೆ ನೆಳ್ಳೂ ನನ್ ಮಗ್ಳು ತುಳಿಯಂಗಿಲ್ಲ. ನಾನೇ ಕಲಿಸ್ತೀನಿ. ನಾ ಎಸ್ಸೆಸ್ಸೆಲ್ಸಿ ಪಾಸಾದೋನು."

ಹಿರಿಯರಲ್ಲಿ ಒಬ್ಬನಾದ ಚಿಕ್ಕಯ್ಯ ಎಲೆಅಡಿಕೆ ಉಗಿದು ಬಂದು ಕೂತ. "ಎರಡ್ನೇ ಸಲಕ್ಕ ಪಾಸಾದೋನು" ಎಂದ. ಎಲ್ಲರೂ ನಕ್ಕರು. "ಆಗ್ಲಿ ಕಣ್ಲಾ ರಂಗ, ಕಲ್ಸು. ನಿನ್ ಶಾಲೆಲಿ ಬೆಲ್ಲು ಯಾರ್ಲಾ ಒಡಿಯೋರು?"

ನಾನು ನಗಲಿಲ್ಲ. ಮಾರನೇ ದಿನವೇ ಗೆಟ್ಟವಾಡಿಯ ದಾರಿ ಹಿಡಿದು ಚಾಮರಾಜನಗರಕ್ಕೆ ಹೋದೆ. ಅಲ್ಲಿ ನನ್ನ ಅಕ್ಕನ ಮನೆ. ಅಕ್ಕನ ಮಗ ಹರ್ಷವರ್ಧನ ಮೇಘಳಿಗಿಂತ ಒಂದು ವರ್ಷ ದೊಡ್ಡವನು. ಅವನನ್ನೇ ಕರೆದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ ಆರು, ಏಳು, ಎಂಟು ಮೂರೂ ತರಗತಿಗಳ ಪುಸ್ತಕ ಒಟ್ಟಿಗೆ ಕಟ್ಟಿಸಿಕೊಂಡು ಬಂದೆ. ನಮ್ಮೂರು ತಮಿಳುನಾಡಿನ ಗಡಿಯೊಳಗಿದ್ದರೂ ಬಿತ್ತನೆ ಬೀಜ, ಬಟ್ಟೆ, ಔಷಧಿ, ಮನೆಗೆ ಬರುವ ಸೊಸೆ ಎಲ್ಲವನ್ನೂ ಕರ್ನಾಟಕದ ಆ ಕಡೆಯಿಂದ ತರುವವರು ನಾವು. ಪುಸ್ತಕವನ್ನೂ ತಂದೆ. ಹೊಸ ಕಾಗದದ ವಾಸನೆ, ದಪ್ಪ ರಟ್ಟು, ಅಚ್ಚುಕಟ್ಟಾದ ಕನ್ನಡ. ನಮ್ಮ ಶಾಲೆಯಲ್ಲಿ ಪುಸ್ತಕ ಬರುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತಿತ್ತು. ನನ್ನ ಕೂಸು ಮೊದಲ ದಿನವೇ ಹೊಸ ಪುಸ್ತಕ ತೆರೆಯಿತು ಎಂದು ಊರೆಲ್ಲಾ ಹೇಳಿಕೊಂಡು ತಿರುಗಿದೆ.

ಶಾಲೆ ನಡೆದದ್ದು ಜೋಳದ ಹೊಲದ ಅಟ್ಟಣೆಯ ಮೇಲೆ. ನಾಲ್ಕು ಕಂಬ ನೆಟ್ಟು, ಮೇಲೆ ಹಲಗೆ ಹಾಸಿ, ಹುಲ್ಲು ಹೊದಿಸಿದ ಕಾವಲಿನ ಅಟ್ಟಣೆ. ರಾತ್ರಿ ಆನೆಗೆ, ಹಂದಿಗೆ ಕಾಯುವುದು ಅಲ್ಲಿಂದಲೇ, ಹಗಲು ಗಿಳಿಗೆ ಕಾಯುವುದೂ ಅಲ್ಲಿಂದಲೇ. ಕತ್ತಾಳೆ ನಾರು ಹೊಸೆದು ಅವಳಿಗೊಂದು ಕವಣೆ ಮಾಡಿಕೊಟ್ಟೆ. ನಡುವೆ ಕಲ್ಲು ಕೂರಿಸುವ ಅಂಗೈಯಗಲದ ಹೆಣಿಗೆ, ಎರಡು ಕಡೆ ಎರಡೆರಡು ಮೊಳದ ಹಗ್ಗ. ಕವಣೆ ಬೀಸುವುದಕ್ಕೂ ಪಾಠ ಉಂಟು. ಮೊದಲ ಸುತ್ತು ಕಲ್ಲಿನ ತೂಕ ತಿಳಿಯುವುದಕ್ಕೆ, ಎರಡನೇ ಸುತ್ತು ಬಿಡುವುದಕ್ಕೆ. ಮೂರನೇ ಸುತ್ತು ಸುತ್ತಿದವನ ಕಲ್ಲು ಅವನ ಹಿಂದಕ್ಕೇ ಹೋಗುತ್ತದೆ. ಬೆರಳಿನ ಕಟ್ಟು ಬಿಚ್ಚಿದ ತಿಂಗಳಲ್ಲೇ ಅವಳು ಅದನ್ನು ಕಲಿತಳು. ವರ್ಷ ತುಂಬುವುದರೊಳಗೆ ಮೂವತ್ತು ಮಾರು ದೂರದ ಬೇಲಿಗೂಟದ ಮೇಲೆ ಕೂತ ಕಾಗೆಯನ್ನು ಹೊಡೆದು ಬೀಳಿಸುತ್ತಿದ್ದಳು. ಮಗ್ಗಿ ಹೇಳುತ್ತಾ ಹೇಳುತ್ತಾ, ನಡುವೆ ನಿಲ್ಲಿಸದೆ.

ಕಲಿತಳೋ ಇಲ್ಲವೋ ಎಂದರೆ, ಕಲಿತಳು. ಅದನ್ನು ಯಾರೂ ಇಲ್ಲ ಎನ್ನುವ ಹಾಗಿಲ್ಲ. ಔಷಧಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ ಹತ್ತು ಲೀಟರಿಗೆ ಎಷ್ಟು ಬೆರೆಸಬೇಕೆಂದು ಸುತ್ತಲಿನ ಹೊಲದವರಿಗೆಲ್ಲಾ ಅವಳೇ ಹೇಳುತ್ತಿದ್ದಳು. ಒಂದು ಸಲ ಎರಡು ಆನೆ ಬಂದು ಬಾಳೆ, ಜೋಳ ತುಳಿದು ಹಾಕಿದವು. ಪರಿಹಾರದ ಅಳತೆಗೆ ಜೀರಹಳ್ಳಿ ಅರಣ್ಯದ ಕಡೆಯಿಂದ ವಾಚರ್ ಶಿವಮಲ್ಲು ಬಂದ. ಹೆಜ್ಜೆ ಹಾಕಿ ನೋಡಿ, "ಒಂದರ್ಧ ಎಕ್ರೆ ಬರ್ಕತೀನಿ" ಎಂದ.

"ಅರ್ಧ ಅಲ್ಲ ಮಾವ, ಮುಕ್ಕಾಲ್ಗ ಮೂರ್ ಸೆಂಟು ಕಮ್ಮಿ" ಎಂದಳು ಮೇಘ. ತುಳಿದ ಜಾಗಕ್ಕೆ ಹಗ್ಗ ಎಳೆದು, ಮೂರು ಮೂಲೆಯ ತುಂಡುಗಳಾಗಿ ಮಾಡಿ, ಒಂದೊಂದನ್ನೂ ಬಿಡಿಸಿ ತೋರಿಸಿದಳು. ಶಿವಮಲ್ಲು ಎರಡು ಸಲ ಅಳೆದ. ಎರಡು ಸಲವೂ ಅವಳದೇ ಸರಿ ಬಂತು.

"ಯಾವ ಸ್ಕೂಲವ್ವ ನಿಂದು?"

"ಅಟ್ಟಣೆ ಸ್ಕೂಲು."

"ಅಲ್ಗ ವಾತ್ಯಾರು ಯಾರು?"

ಮೇಷ್ಟ್ರು ಇವರೇ ಎಂಬಂತೆ ಅವಳು ನನ್ನ ಕಡೆ ಗದ್ದ ಎತ್ತಿ ತೋರಿಸಿದಳು. ಆರು ತಿಂಗಳು ಆ ಮಾತನ್ನು ಸಿಕ್ಕಿದವರಿಗೆಲ್ಲಾ ಹೇಳಿದೆ. ಚಿಕ್ಕಯ್ಯನಿಗೆ ಎರಡು ಸಲ ಹೇಳಿದೆ.

ಇನ್ನೊಂದು ಕಡೆಯದನ್ನೂ ಹೇಳಬೇಕು. ಸಾಯಂಕಾಲ ನಾಲ್ಕು ಗಂಟೆಗೆ ಶಾಲೆ ಬಿಟ್ಟ ಮಕ್ಕಳು ಹೊಲದ ಪಕ್ಕದ ದಾರಿಯಲ್ಲಿ ಕಿರುಚಾಡಿಕೊಂಡು ಹೋಗುತ್ತಿದ್ದವು. ಆ ಹೊತ್ತಿಗೆ ಮೇಘಳ ಬಾಯಿ ನಿಂತುಹೋಗುತ್ತಿತ್ತು. ಏನೇ ಕೇಳಿದರೂ ಕಿವಿಗೆ ಬೀಳುತ್ತಿರಲಿಲ್ಲ. ಕತ್ತು ಮಾತ್ರ ಅವರ ಜೊತೆ ತಿರುವಿನವರೆಗೂ ಹೋಗುತ್ತಿತ್ತು. ನಾನು ಕವಣೆಯ ಹಗ್ಗ ಬೀಸುತ್ತಿದ್ದೆ. ಮೊದಮೊದಲು ಹಲಗೆಗೆ. ಆಮೇಲೆ ಅವಳಿಗೆ.

ಯಾವಾಗ ಶುರುವಾಯಿತೆಂದು ನೆನಪಿಲ್ಲ. ಹೊಲದ ಕೆಲಸವೂ ನನ್ನದೇ, ಪಾಠವೂ ನನ್ನದೇ. ಎಂಟನೇ ತರಗತಿಯ ಬೀಜಗಣಿತ ನನಗೇ ಮರೆತಿತ್ತು. ನನಗೆ ಬಾರದ ಲೆಕ್ಕ ಬಂದ ದಿನ ಅವಳಿಗೆ ಏಟು ಹೆಚ್ಚಾಗುತ್ತಿತ್ತು. ಕತ್ತಾಳೆ ನಾರು ಒದ್ದೆಯಾಗಿದ್ದರೆ ರವಿಕೆಯ ಮೇಲಿಂದಲೇ ಚರ್ಮ ಎದ್ದು ಬರುತ್ತದೆ. ಶಾಲೆಗಾದರೆ ಭಾನುವಾರ ಅಂತ ಒಂದಿದೆ. ಅಟ್ಟಣೆಗೆ ಅದೂ ಇರಲಿಲ್ಲ.

ಒಂದು ದಿನ ನನ್ನ ಹೆಂಡತಿ ವಸಂತಮ್ಮ ಬುತ್ತಿ ತಂದವಳು ಏಣಿ ಹತ್ತಿ ಬಂದು ಹಗ್ಗದ ತುದಿ ಹಿಡಿದುಕೊಂಡಳು.

"ಬುಡಿ."

"ಬುಡಮ್ಮಿ ನೀನು."

"ಬುಡಾಕಿಲ್ಲ."

ಹಗ್ಗ ಬಿಟ್ಟೆ. ಅಂಗೈ ಬೀಸಿದೆ. ಅವಳ ತುಟಿ ಒಡೆದು ರಕ್ತ ಸೆರಗಿಗೆ ಹರಿಯಿತು. ಬುತ್ತಿ ಉರುಳಿ ಹಿಟ್ಟಿನ ಮುದ್ದೆ ಕೆಳಗೆ ಮಣ್ಣಿಗೆ ಬಿತ್ತು. ಅವಳು ಅಳಲಿಲ್ಲ. ತುಟಿಗೆ ಸೆರಗು ಒತ್ತಿಕೊಂಡೇ ಕೇಳಿದಳು. "ಮೇಷ್ಟ್ರು ಒಡ್ದಾಗ ಕೂಸು ನಿಮ್ ತಾವ್ಕ ಬಂತು. ನೀವು ಒಡುದ್ರ ಯಾರ್ ತಾವ್ಕ ಓಗ್ಬೇಕು, ಅದ ಏಳಿ."

"ನಾನ್ ಅವಳಪ್ಪ."

"ಅದ್ಕೇ ನಾ ಕೇಳ್ದಿ."

ಬೀಳಿಸಿದ ಹಿಟ್ಟನ್ನು ಎತ್ತಿಕೊಂಡು ಹೋಗಿ ಎತ್ತಿಗೆ ಹಾಕಿದಳು. ಅವತ್ತು ನಾನೂ ಮಗಳೂ ಹಸಿದುಕೊಂಡೇ ಪಾಠ ಮುಗಿಸಿದೆವು.

ಅದಾದ ಮೇಲೆ ಕವಿತಳ ವಿಷಯ. ಕರಿಯಮ್ಮ ಅರಿಶಿನದ ಕಳೆ ಕೀಳಲು ಬಂದಿದ್ದಳು. ಶಾಲೆ ಬಿಟ್ಟ ಮೇಲೆ ಕವಿತ ಅವ್ವನನ್ನು ಕರೆದುಕೊಂಡು ಹೋಗಲು ಬಂದವಳು ಅಟ್ಟಣೆ ಹತ್ತಿದಳಂತೆ. ನಾನು ಮೋಟಾರಿನ ಹತ್ತಿರ ಇದ್ದೆ. ಸಾಯಂಕಾಲ ಮೇಘ ಪುಸ್ತಕ ಎದೆಗೆ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು.

"ಅಪ್ಪ, ಈ ಪುಸ್ತಕ ನಮ್ದಲ್ವಂತ."

"ಮತ್ಯಾರ್ದು?"

"ಆ ಕಡೆ ಸರ್ಕಾರದ್ದಂತ. ಕವಿತ ಪುಸ್ತಕ್ದಲ್ಲಿ ಬೇರೆ ಪಾಠ ಅವೆ, ಪದ್ಯನೂ ಬೇರೆ. ಪರೀಕ್ಷೆಗ ಅವುನ್ನೇ ಕೇಳದಂತ."

"ಯಾರ್ ಅಂದೋರು?"

"ಕವಿತ."

ಕರಿಯಮ್ಮ ಇನ್ನೂ ಸಾಲಿನಲ್ಲೇ ಇದ್ದಳು. ನನ್ನ ಕೂಲಿಯವಳ ಮಗಳು ನನಗೆ ಪಾಠ ಹೇಳುವ ಹಾಗಾಯಿತೇ ಎಂಬುದೊಂದೇ ತಲೆಯಲ್ಲಿತ್ತು. ಮೇಘಳ ಜುಟ್ಟು ಹಿಡಿದು ಬದುವಿನ ಮೇಲೆ ಕೆಡವಿ, ಹಗ್ಗದಲ್ಲಿ ಬೆನ್ನಿಗೆ ಬಾರಿಸಿದೆ. ಎಷ್ಟು ಎಂದು ಎಣಿಸಲಿಲ್ಲ. "ಕನ್ನಡ ಅಂದ್ರ ಕನ್ನಡ, ಲೆಕ್ಕ ಅಂದ್ರ ಲೆಕ್ಕ. ಅದ್ಕ ಆ ಕಡೆ ಈ ಕಡೆ ಅಂತ ಉಂಟಾ? ಅವ್ಳ ಮಾತ ಕೇಳ್ತಿಯಾ?" ಒಂದೊಂದು ಮಾತಿಗೆ ಒಂದೊಂದು ಏಟು.

ಕರಿಯಮ್ಮ ಕೈಯಲ್ಲಿದ್ದ ಕುಡುಗೋಲು ಎಸೆದು ಓಡಿ ಬಂದಳು. "ಬುದ್ದಿ, ಬುಟ್ಬುಡಿ. ನನ್ ಮಗ್ಳು ತೆಪ್ಪು ಮಾಡ್ತು, ಅದ್ಕ ಒಡೀರಿ, ಇದ್ಕ ಬ್ಯಾಡ."

"ನಾಳಯಿಂದ ನಿನ್ ಮಗ್ಳು ಈ ಒಲ ತುಳುದ್ರ ಕಾಲ್ ಮುರಿತೀನಿ. ನೀನೂ ಬರ್ಬ್ಯಾಡ."

ಅವಳು ಬರಲಿಲ್ಲ. ಮೇಘ ಆ ಮಾತು ಮತ್ತೆ ಎತ್ತಲಿಲ್ಲ. ಒಂದು ವರ್ಷ ಆ ಪುಸ್ತಕಗಳನ್ನೇ ಓದಿದಳು. ಪ್ರತಿಯೊಂದು ಪದ್ಯವನ್ನೂ ಬಾಯಿಪಾಠ ಮಾಡಿದಳು. ಕೇಳಿದ್ದಕ್ಕೆಲ್ಲಾ ತಪ್ಪಿಲ್ಲದೆ ಉತ್ತರ ಹೇಳಿದಳು. ಏಟು ಕಡಿಮೆಯಾಯಿತು. ನನ್ನ ಪಾಠದಿಂದಲೇ ಸುಧಾರಿಸಿದಳು ಎಂದುಕೊಂಡೆ.

ಶಾಲೆಗೆ ಹೋಗದವರೂ ಎಂಟನೇ ತರಗತಿಯ ಪರೀಕ್ಷೆ ಬರೆಯಬಹುದು. ತಮಿಳಿನಲ್ಲಿ ತನಿತ್ತೇರ್ವರ್ ಎನ್ನುತ್ತಾರೆ, ಅಂದರೆ ಒಂಟಿಯಾಗಿ ಬರೆಯುವವರು. ಅದು ಪಾಸಾದರೆ ಒಂಬತ್ತಕ್ಕೆ ಯಾವ ಹೈಸ್ಕೂಲಾದರೂ ಸೇರಿಸಿಕೊಳ್ಳಬೇಕು. ಮೇಘಳಿಗೆ ಹದಿಮೂರು ತುಂಬಿತ್ತು. ಅವಳು ಈ ಮೂರು ವರ್ಷ ಬಾಯಿ ಬಿಟ್ಟು ಕೇಳಿದ್ದು ಒಂದೇ. "ಪಾಸಾದ್ರ ಐಸ್ಕೂಲ್ಗ ಕಳಿಸ್ತಿಯಾ ಅಪ್ಪ?" ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಚಿಕ್ಕಯ್ಯನಿಗೂ ಲೋಕೇಶ್ವರಿ ಟೀಚರಿಗೂ ಅಂಕಪಟ್ಟಿ ತೋರಿಸಬೇಕೆಂಬ ಆಸೆ ನನಗೂ ಇತ್ತು.

ಜನವರಿ ತಿಂಗಳು. ಪರೀಕ್ಷೆ ಸತ್ಯಮಂಗಲದಲ್ಲಿ, ಐದು ದಿನ. ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಘಾಟಿಯ ನೆತ್ತಿಯಲ್ಲಿರುವ ದಿಂಬಂನಲ್ಲಿ ಬಸ್ಸು ನಿಂತಾಗ ಅವಳು ಟೀ ಬೇಡ ಎಂದಳು. ಮಂಜು ಎಷ್ಟಿತ್ತೆಂದರೆ ಟೀ ಅಂಗಡಿಯವನ ಕೈ ಮಾತ್ರ ಕಾಣುತ್ತಿತ್ತು. ಅಲ್ಲಿಂದ ಕೆಳಕ್ಕೆ ಇಪ್ಪತ್ತೇಳು ತಿರುವು. ಒಂದೊಂದು ತಿರುವಿಗೂ ಒಂದೊಂದು ಪ್ರಶ್ನೆ ಕೇಳಿದೆ. ಹದಿನಾಲ್ಕನೆಯದಕ್ಕೆ ಕಿಟಕಿಯಿಂದ ತಲೆ ಹಾಕಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಹದಿನಾಲ್ಕಕ್ಕೂ ಹದಿನೈದಕ್ಕೂ ಉತ್ತರ ಹೇಳಿದಳು. ಇಪ್ಪತ್ತೇಳಕ್ಕೆ ಇಪ್ಪತ್ತೇಳೂ ಸರಿ.

ಮೊದಲ ದಿನ ಕನ್ನಡ. ನಮ್ಮದೇ ಭಾಷೆ, ಅದಕ್ಕೇನು ಭಯ ಎಂದು ಬೆನ್ನು ತಟ್ಟಿ ಒಳಗೆ ಕಳಿಸಿದೆ. ಬೆನ್ನು ತಟ್ಟಿದಾಗ ಅವಳು ಮುದುಡಿಕೊಂಡಳು. ಹೊರಗೆ ಬೇವಿನ ಮರದಡಿ ಕೂತೆ. ಅರ್ಧ ಗಂಟೆ ಆಗಿರಬಹುದು, ಅವಳು ಹೊರಗೆ ಬಂದಳು.

"ಯಾಕಮ್ಮಿ, ಮುಗೀತಾ?"

ಪ್ರಶ್ನೆಪತ್ರಿಕೆ ನನ್ನ ಕೈಗೆ ಕೊಟ್ಟಳು. ಓದಿದೆ. ಅಕ್ಷರ ಕನ್ನಡದ್ದೇ. ಪದ್ಯದ ಸಾಲು ಪೂರ್ತಿ ಮಾಡಿ ಎಂದಿತ್ತು. ಆ ಸಾಲನ್ನು ನಾನು ಕೇಳಿಯೇ ಇರಲಿಲ್ಲ. ಪಾಠದೊಳಗಿನ ಮನುಷ್ಯರ ಹೆಸರು ಹಾಕಿ ಇವರ ಗುಣ ಬರೆಯಿರಿ ಎಂದಿತ್ತು. ಆ ಮನುಷ್ಯರು ಯಾರೆಂದು ನನಗೆ ಗೊತ್ತಿರಲಿಲ್ಲ. ಕೊನೆಯವರೆಗೂ ಓದಿದೆ. ವ್ಯಾಕರಣದ ಎರಡು ಪ್ರಶ್ನೆ ಬಿಟ್ಟರೆ ಒಂದೂ ಗುರುತು ಸಿಗಲಿಲ್ಲ.

ಬಾಗಿಲಲ್ಲಿ ಕೂತಿದ್ದ ಗುಮಾಸ್ತ ನಮ್ಮ ಕಡೆಯವನು. ನನ್ನ ಚೀಲದಿಂದ ಪುಸ್ತಕ ಎಳೆದು ಮೊದಲ ಪುಟ ತಿರುಗಿಸಿ ನೋಡಿ ನಕ್ಕ. "ಏನಣ್ಣ, ಆ ಕಡೆ ಪುಸ್ತಕ ಓದ್ಸಿ ಈ ಕಡೆ ಪರೀಕ್ಷೆಗ ಕೂರ್ಸಿದ್ದಯ್? ಸಮಾಜ, ವಿಜ್ಞಾನನೂ ಇಂಗೇ ಅಲ್ವಾ? ಯಾರೂ ಏಳ್ಲಿಲ್ವಾ ನಿಂಗ?"

ಸುತ್ತ ಇದ್ದ ನಾಲ್ಕು ಜನ ತಿರುಗಿ ನೋಡಿದರು. ನನ್ನ ಕಿವಿಯೊಳಗೆ ಜೀರುಂಡೆ ಹೊಕ್ಕ ಹಾಗಾಯಿತು. ತಿರುಗಿದವನೇ ಮೇಘಳ ಕೆನ್ನೆಗೆ ಬಾರಿಸಿದೆ. ಅವಳು ಮರದ ಬುಡಕ್ಕೆ ಹೋಗಿ ಬಿದ್ದಳು. ಎತ್ತಿ ನಿಲ್ಲಿಸಿ ಮತ್ತೊಂದು ಬಾರಿಸಿದೆ.

"ಗೊತ್ತಿದ್ದೂ ಯಾಕ ಏಳ್ಲಿಲ್ಲ? ಯಾಕ ಏಳ್ಲಿಲ್ಲ ನೀನು?"

ಮೂಗಿನಿಂದ ರಕ್ತ ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

"ನಾ ಏಳಿದ್ದಿ," ಎಂದಳು. "ಬೆನ್ನ್ ಮೇಲೆ ಅದೆ, ನೋಡ್ಕೊ."

ಆಗಲಾದರೂ ಸುಮ್ಮನಾಗಬೇಕಿತ್ತು. ಲೆಕ್ಕದ ಪರೀಕ್ಷೆಯನ್ನಾದರೂ ಬರೆಸಿದ್ದರೆ ಅವಳು ನೂರಕ್ಕೆ ನೂರು ತೆಗೆಯುತ್ತಿದ್ದಳು. ನಾನು ಹಾಲ್ ಟಿಕೆಟ್ ಹರಿದು ಗುಮಾಸ್ತನ ಮುಖಕ್ಕೆ ಎಸೆದು, ಅವಳ ತೋಳು ಹಿಡಿದು ಎಳೆದುಕೊಂಡು ಹೋಗಿ ಮಧ್ಯಾಹ್ನದ ಬಸ್ಸು ಹತ್ತಿಸಿದೆ. ಇಪ್ಪತ್ತೇಳು ತಿರುವು ಹತ್ತುವಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮಾರನೇ ಬೆಳಿಗ್ಗೆ ಎದ್ದಾಗ ಅವಳ ಚಾಪೆ ಸುತ್ತಿಟ್ಟಿತ್ತು. ಗೋಡೆಗೆ ನೇತು ಹಾಕಿದ್ದ ಕವಣೆ ಇರಲಿಲ್ಲ. ವಸಂತಮ್ಮ ಒಲೆಯ ಮುಂದೆ ಕೂತಿದ್ದಳು.

"ಎಲ್ಲಮ್ಮಿ ಅವ್ಳು?"

"ಒಂಟೋದ್ಲು."

"ಎಲ್ಗ?"

"ಯಾರ್ ತಾವ್ಕ ಓಗ್ಬೇಕು ಅಂತ ಅವತ್ತು ಕೇಳಿದ್ನಲ್ಲ. ನೀವು ಏಳ್ಲಿಲ್ಲ. ಅವ್ಳೇ ಕಂಡ್ಕಂಡ್ಲು." ಒಲೆಯೊಳಗಿನ ಸೌದೆ ಮುಂದಕ್ಕೆ ತಳ್ಳಿದಳು. "ನೀವು ಕೈ ಮುರುದ್ರಲ್ಲ, ಆ ಮೇಷ್ಟ್ರ ತಾವ್ಕ."

ಕೊಟ್ಟಿಗೆಗೆ ಹೋಗಿ ನೊಗದ ಗೂಟ ಕಿತ್ತೆ. ಅದೇ ಗೂಟ, ಬೇರೆ ಕೆತ್ತಿಸಿರಲಿಲ್ಲ.

ಶಾಲೆಯ ಮುಂದೆ ಮಕ್ಕಳು ಪ್ರಾರ್ಥನೆಗೆ ಸಾಲು ನಿಂತಿದ್ದವು. ಮೇಘ ಮೆಟ್ಟಿಲ ಮೇಲೆ ಕೂತಿದ್ದಳು. ಲೋಕೇಶ್ವರಿ ಟೀಚರು ಅವಳ ರವಿಕೆಯ ಹಿಂಭಾಗ ಎತ್ತಿ ಬೆನ್ನು ನೋಡುತ್ತಿದ್ದರು. ಹಳೆಯ ಬರೆ, ಹೊಸ ಬರೆ, ಒಂದರ ಮೇಲೊಂದು. ಅಷ್ಟು ಇವೆ ಎಂದು ನನಗೆ ಗೊತ್ತಿರಲಿಲ್ಲ. ಬೆನ್ನನ್ನು ನಾನು ಬೆಳಕಿನಲ್ಲಿ ನೋಡಿಯೇ ಇರಲಿಲ್ಲ. ಪಕ್ಕದಲ್ಲಿ ಚಿಕ್ಕಬಸಪ್ಪ ಮೇಷ್ಟ್ರು. ಸೊಟ್ಟಗೆ ಕೂಡಿಕೊಂಡ ಬಲಗೈ ಅಂಗಿಯ ತೋಳಿನಿಂದ ಹೊರಗೆ ನೇತಾಡುತ್ತಿತ್ತು. ನನ್ನ ಕೈಯಲ್ಲಿದ್ದ ಗೂಟ ನೋಡಿ ಒಂದು ಹೆಜ್ಜೆ ಹಿಂದಿಟ್ಟರು. ಆದರೆ ಒಳಗೆ ಹೋಗಲಿಲ್ಲ.

"ರಂಗಸ್ವಾಮಿ, ಕೂಸು ಪಿರ್ಯಾದು ತಂದದೆ. ನಿನ್ ಮೇಲೆ," ಎಂದರು. "ಯಾವ ಕೈಲಿ ಒಡ್ದೆ ಅಂತ ನಾ ಕೇಳಾಕಿಲ್ಲ. ನಂಗ ಅಷ್ಟು ಧೈರ್ಯ ಇಲ್ಲ."

"ಕೂಸ ಈಚ್ಗ ಕಳ್ಸು."

"ಅದಾಗಿ ಬಂದ್ರ ಕರ್ಕೊಂಡೋಗು."

"ನನ್ ಮಗ್ಳ ಬೆರಳು ಮುರ್ದೋನು ನೀನು. ನಂಗ ಏಳ್ತಿಯಾ?"

"ನಾ ಮುರ್ದಿ, ಇಲ್ಲ ಅನ್ನಾಕಿಲ್ಲ" ಎಂದರು ಮೇಷ್ಟ್ರು. "ಒಂದು ಬೆರಳು."

ನಾನು ಮೆಟ್ಟಿಲ ಕಡೆಗೆ ನಡೆದೆ. ಮಕ್ಕಳ ಸಾಲು ಎರಡಾಗಿ ಸೀಳಿಕೊಂಡಿತು. ಮೇಘ ಎದ್ದು, ರವಿಕೆ ಸರಿ ಮಾಡಿಕೊಂಡು, ಮೆಟ್ಟಿಲು ಇಳಿದು ಪಕ್ಕದ ಬಯಲಿಗೆ ಹೋಗಿ ನಿಂತಳು. ಕವಣೆಯ ಹೆಣಿಗೆಯೊಳಗೆ ಕಲ್ಲು ಕೂರಿಸಿದಳು. ಕೋಳಿಮೊಟ್ಟೆ ಗಾತ್ರದ ಹೊಳೆಗಲ್ಲು. ಹಕ್ಕಿಗೆ ಅಷ್ಟು ದೊಡ್ಡದು ಬೇಡ. ಹಂದಿಗೆ ಬೇಕು.

"ಅಪ್ಪ, ಗೂಟ ಕೆಳ್ಗ ಮಡ್ಗು."

"ಯಾರಿಗಮ್ಮಿ ಏಳ್ತಿದ್ದಯ್?"

"ಮಡ್ಗು ಅಂದಿ."

ಕವಣೆ ತಿರುಗುವ ಸದ್ದು ನನಗೆ ಗೊತ್ತು. ಕಲಿಸಿದವನು ನಾನೇ. ಮೊದಲ ಸುತ್ತು ತೂಕಕ್ಕೆ. ನನ್ನ ಮಗಳು ನನ್ನ ಮೇಲೆ ಬಿಡುವುದಿಲ್ಲ ಎಂದುಕೊಂಡು ಮೇಷ್ಟ್ರ ತಲೆಗೆ ಗೂಟ ಎತ್ತಿದೆ. ಎರಡನೇ ಸುತ್ತು.

ಕಲ್ಲು ಮಣಿಕಟ್ಟಿಗೆ ಬಿತ್ತು. ಅದೇ ಹಸಿ ಕಬ್ಬಿನ ಸದ್ದು, ಈ ಸಲ ನನ್ನ ಒಳಗಿನಿಂದ. ಗೂಟ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಭುಜದವರೆಗೂ ಬೆಂಕಿ ಹತ್ತಿಕೊಂಡಿತು. ಕಣ್ಣು ಕತ್ತಲಿಟ್ಟು ಮತ್ತೆ ತೆರೆದಾಗ ಎಡಗೈ ಚಾಚಿ ಅವಳ ಕಡೆ ನುಗ್ಗಿದೆ. ಎರಡನೇ ಕಲ್ಲು ಆಗಲೇ ಹೆಣಿಗೆಯಲ್ಲಿತ್ತು.

"ತಲೆಗ ಬುಡ್ಲಾ?" ಎಂದಳು.

ಕೋಪದಲ್ಲಿ ಕೇಳಿದ ಮಾತಲ್ಲ. ಅಟ್ಟಣೆಯ ಮೇಲೆ ಗಿಳಿ ಬಂದಾಗ, ಬಿಡಲಾ ಬೇಡವಾ ಎಂದು ನನ್ನನ್ನು ಕೇಳುತ್ತಿದ್ದಳಲ್ಲ, ಅದೇ ಧ್ವನಿ. ನಾನು ಇದ್ದಲ್ಲೇ ಕೂತೆ.

ಮೊದಲು ಹತ್ತಿರ ಬಂದವರು ಮೇಷ್ಟ್ರು. ಮೇಜಿನ ಮೇಲಿದ್ದ ಮರದ ಸ್ಕೇಲು ತರಿಸಿ, ನನ್ನ ಮಣಿಕಟ್ಟಿನ ಕೆಳಗಿಟ್ಟು, ತಮ್ಮ ಟವೆಲಿನಿಂದ ಸುತ್ತಿದರು. ಎಡಗೈ ಮತ್ತು ಹಲ್ಲು ಸೇರಿಸಿ ಗಂಟು ಹಾಕಿದರು. ನಾನು ನರಳಿದೆ.

"ಆರು ವಾರ ಬೇಕು," ಎಂದರು. "ನಂದೂ ಅಷ್ಟೇ ಆದ್ದು. ಚಳಿಗಾಲ್ದಲ್ಲಿ ಮಾತ್ರ ನೋಯ್ತದೆ."

"ನನ್ ಕೂಸ ಇಲ್ಲಿ ಬುಟ್ರ ಯಾರೂ ಒಡಿಯಂಗಿಲ್ಲ," ಎಂದೆ.

"ಈ ಸ್ಕೇಲು ಈಗ ಇಂತಾ ಕಟ್ಟು ಕಟ್ಟಾಕಷ್ಟೇ. ನನ್ ಕೈಲಿ ನಿಲ್ಲಾಕಿಲ್ಲ. ನೀನೇ ಮಾಡಿದ್ದು."

"ನೀನೂವೆ ಒಡಿಯಂಗಿಲ್ಲ ಅಪ್ಪ," ಎಂದಳು ಮೇಘ. ಕವಣೆ ಇನ್ನೂ ಇಳಿಸಿರಲಿಲ್ಲ. "ನನ್ನೂ, ಅವ್ವನ್ನೂ."

ನಾನು ತಲೆ ಆಡಿಸಿದೆ. ಅವಳು ಬಾಯಲ್ಲಿ ಹೇಳು ಎಂದಳು. ಹೇಳಿದೆ. ಆಮೇಲೆ ಕಲ್ಲು ಕೆಳಗೆ ಹಾಕಿದಳು.

ಲೋಕೇಶ್ವರಿ ಟೀಚರು ಅರ್ಜಿಯ ಕಾಗದ ತಂದರು. ಜೂನ್‌ನಿಂದ ಏಳನೇ ತರಗತಿಗೆ ಸೇರಿಸಿಕೊಳ್ಳುತ್ತೇನೆ, ಅಲ್ಲಿಯವರೆಗೆ ಬಂದು ಕೂತು ಕೇಳಲಿ ಎಂದರು. ಎಂಟಕ್ಕಾದರೂ ಸೇರಿಸಿ ಎಂದೆ. "ಪುಸ್ತಕ ಎಲ್ಲಾ ಹೊಸದಾಗಿ ಓದಬೇಕಲ್ಲ" ಎಂದರು. ಕವಿತ ಆ ಹೊತ್ತಿಗೆ ಒಂಬತ್ತಕ್ಕೆ ಹೋಗಿರುತ್ತಾಳೆ. ಮಕ್ಕಳ ನಡುವೆ ನಿಂತು ಅವಳು ನನ್ನನ್ನೇ ನೋಡುತ್ತಿದ್ದಳು. ಐದನೇ ತರಗತಿಯ ಮುಂದಿನ ಸಾಲಿನಿಂದ ನೋಡಿದ ಹಾಗೆಯೇ.

"ಏಳೆಂಟ್ಲ?" ಎಂದರು ಮೇಷ್ಟ್ರು ಇದ್ದಕ್ಕಿದ್ದಂತೆ.

"ಐವತ್ತಾರು," ಎಂದಳು ಮೇಘ, ನನ್ನಿಂದ ಕಣ್ಣು ತೆಗೆಯದೆ.

ಅರ್ಜಿಯ ಕೆಳಗೆ ತಂದೆಯ ಸಹಿ ಬೇಕಿತ್ತು. ಬಲಗೈ ಸ್ಕೇಲಿಗೆ ಕಟ್ಟಿತ್ತು. ಎಡಗೈಯಲ್ಲಿ ಪೆನ್ನು ಹಿಡಿದು ಎಳೆದೆ. ಎತ್ತು ಹೊಲ ತುಳಿದ ಹಾಗಾಯಿತು. ಟೀಚರು ಇನ್ನೊಂದು ಕಾಗದ ಇಟ್ಟು, ಮಸಿ ಡಬ್ಬಿ ನನ್ನ ಕಡೆ ಸರಿಸಿದರು. ಎಸ್ಸೆಸ್ಸೆಲ್ಸಿ ಪಾಸಾದವನು ಎಡಗೈ ಹೆಬ್ಬೆಟ್ಟು ಒತ್ತಿದೆ. ಸಾಲಿನಲ್ಲಿದ್ದ ಯಾವುದೋ ಮಗು ಕಿಸಕ್ಕೆಂದಿತು. ಮೇಘ ತಿರುಗಿ ನೋಡಿದಳು. ನಗು ನಿಂತಿತು.

"ಕವಣೆ ಶಾಲೆಯೊಳಗೆ ತರೋ ಹಾಗಿಲ್ಲ" ಎಂದರು ಟೀಚರು.

ವಸಂತಮ್ಮ ಅಷ್ಟು ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಂತಿದ್ದಳು. ಮೇಘ ಅವಳ ಕೈಗೆ ಕವಣೆ ಕೊಟ್ಟು, ಓಡದೆ, ನಡೆದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ವಸಂತಮ್ಮ ಕವಣೆಯ ಹಗ್ಗವನ್ನು ಎರಡು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿದಳು. ಮಗಳು ಬಿಸಾಡಿದ್ದ ಕಲ್ಲನ್ನೂ ಎತ್ತಿ ಮಡಿಲಿಗೆ ಹಾಕಿಕೊಂಡಳು.

"ನಡೀರಿ, ಕಟ್ಟು ಹಾಕ್ಸದ," ಎಂದಳು.

ನಾನು ಮುಂದೆ ನಡೆದೆ, ಅವಳು ನನ್ನ ಹಿಂದೆ. ಬೆಲ್ಲು ಹೊಡೆದರು. ದಾರಿಯ ತಿರುವು ಬರುವವರೆಗೂ ನಾನು ಹಿಂದಕ್ಕೆ ತಿರುಗಲಿಲ್ಲ.